ಹಿಮ್ಮಡಿ ಎಲ್ಲಿಟ್ಟರೆ ಯಾವ ಸ್ನಾಯು ದುಡಿಯುತ್ತದೆ

ಗ್ಲೂಟ್ ಬ್ರಿಡ್ಜ್ (ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವುದು) ಮಾಡುವಾಗ ನನಗೆ ಯಾವಾಗಲೂ ತೊಡೆಯ ಹಿಂಭಾಗವೇ ಹಿಡಿದುಕೊಳ್ಳುತ್ತಿತ್ತು. ಪೃಷ್ಠಕ್ಕೆ ಕೆಲಸ ಬಿದ್ದ ಹಾಗೇ ಅನಿಸುತ್ತಿರಲಿಲ್ಲ. ನನ್ನ ಬಳಿ ಕಲಿಯಲು ಬರುವ ಹೆಂಗಸರೂ ಇದನ್ನೇ ಹೇಳುತ್ತಾರೆ. ಇದಕ್ಕೆ ತೂಕ ಏರಿಸಬೇಕಿಲ್ಲ, ಹಿಮ್ಮಡಿಯ ಜಾಗ ಬದಲಿಸಿದರೆ ಸಾಕು.

ಹಿಮ್ಮಡಿ ದೂರ ಇದ್ದರೆ ಸೊಂಟ ಎತ್ತುವ ಕೆಲಸದಲ್ಲಿ ತೊಡೆಯ ಹಿಂಭಾಗದ ಸ್ನಾಯು ಹ್ಯಾಮ್‌ಸ್ಟ್ರಿಂಗ್‌ನ ಪಾಲು ಜಾಸ್ತಿ. ಹಿಮ್ಮಡಿಯನ್ನು ಪೃಷ್ಠದ ಹತ್ತಿರ ಎಳೆದುಕೊಂಡು ಮಂಡಿ ಚೆನ್ನಾಗಿ ಮಡಚಿದರೆ ಆ ಸ್ನಾಯು ಮೊದಲೇ ಗಿಡ್ಡವಾಗಿರುತ್ತದೆ, ಜೋರಾಗಿ ಎಳೆಯಲು ಅದಕ್ಕೆ ಆಗುವುದಿಲ್ಲ. ಆಗ ಭಾರ ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಮೇಲೆ ಬೀಳುತ್ತದೆ. ಒಂಟಿ ಕಾಲಿನ ಬ್ರಿಡ್ಜ್‌ನಲ್ಲಿ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಸಾಧನ) ಇಟ್ಟು ಅಳೆದವರೂ ಹೀಗೆ ಹ್ಯಾಮ್‌ಸ್ಟ್ರಿಂಗ್ ಕೆಲಸ ಇಳಿಯುವುದನ್ನು ಕಂಡಿದ್ದಾರೆ.

ಮನೆಯಲ್ಲಿ ಇಎಂಜಿ ಎಲ್ಲಿಂದ ತರುವುದು? ನಾನು ಕೈ ಇಟ್ಟು ನೋಡುತ್ತೇನೆ. ಒಂದು ಕೈ ಪೃಷ್ಠದ ಮೇಲೆ, ಇನ್ನೊಂದು ಕೆಳಬೆನ್ನಿನ ಕೆಳಗೆ. ಬೆನ್ನು ಮೊದಲು ಗಟ್ಟಿಯಾದರೆ ಇಳಿದುಬಿಡುತ್ತೇನೆ. ಉಸಿರು ಹೊರಗೆ ಬಿಟ್ಟು, ಕೆಳಹೊಟ್ಟೆ ಮೆಲ್ಲಗೆ ಬಿಗಿಹಿಡಿದು, ಆಮೇಲೆ ಮತ್ತೆ ಎತ್ತುತ್ತೇನೆ.

ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಸ್ಕ್ವಾಟ್ ಮಾಡುವಾಗ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲುವುದು ಹೆಂಗಸರಲ್ಲಿ ಹೆಚ್ಚು. ಅದನ್ನು ತಡೆಯುವುದರಲ್ಲಿ ಈ ಸ್ನಾಯುವಿಗೆ ದೊಡ್ಡ ಪಾಲಿದೆ. ಅದಕ್ಕೇ ನಾನು ಇದನ್ನು ಬಿಡುವುದೇ ಇಲ್ಲ. ಪಕ್ಕಕ್ಕೆ ಮಲಗಿ ಕಾಲೆತ್ತುವಾಗ ಸೊಂಟ ಹಿಂದಕ್ಕೆ ಉರುಳಿದರೆ ಪ್ಯಾಂಟಿನ ಮುಂಜೇಬಿನ ಜಾಗದಲ್ಲಿ ಉರಿ ಶುರುವಾಗುತ್ತದೆ. ಅಲ್ಲಿ ದುಡಿಯುತ್ತಿರುವುದು ಟಿಎಫ್‌ಎಲ್ (ಟೆನ್ಸರ್ ಫೇಶಿಯಾ ಲಾಟಾ), ಸೊಂಟದ ಮುಂಪಕ್ಕದ ಸಣ್ಣ ಸ್ನಾಯು. ಕಾಲ್ಬೆರಳನ್ನು ಸ್ವಲ್ಪ ನೆಲದ ಕಡೆ ತಿರುಗಿಸಿ, ಹಿಮ್ಮಡಿಯೇ ಮೊದಲು ಮೇಲೇಳುವಂತೆ ಎತ್ತಿದರೆ ಉರಿ ಸೊಂಟದ ಪಕ್ಕದ ಹಿಂಭಾಗಕ್ಕೆ ಸರಿಯುತ್ತದೆ. ಕಾಲು ಅಷ್ಟು ಎತ್ತರ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಎರಡೂ ಕಾಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಪಕ್ಕಕ್ಕೆ ನಡೆಯುವಾಗಲೂ ಹೀಗೇ. ಮಂಡಿಯ ಹತ್ತಿರ ಕಟ್ಟಿದರೆ ಸುಲಭ, ಕಣಕಾಲಿಗೆ ಇಳಿಸಿದರೆ ಕಷ್ಟ. ಪಾದದ ಮುಂಭಾಗಕ್ಕೆ ಹಾಕಿದರೆ ಟಿಎಫ್‌ಎಲ್ ಹೆಚ್ಚು ಎಳೆಯದೆಯೇ ಗ್ಲೂಟ್‌ಗಳ ಕೆಲಸ ಏರುತ್ತದೆ. ನನಗೆ ಇದು ತುಂಬಾ ಇಷ್ಟ.

ಪ್ಲಾಂಕ್‌ನಲ್ಲಿ, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ದೇಹವನ್ನು ನೇರವಾಗಿ ಹಿಡಿದಿರುವಾಗ, ಸುಮ್ನೆ ಹೊತ್ತು ಏರಿಸುತ್ತಾ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮೊಣಕೈಯನ್ನು ಭುಜದಿಂದ ಸ್ವಲ್ಪ ಮುಂದಿಟ್ಟು, ಬಾಲಮೂಳೆಯನ್ನು ಒಳಕ್ಕೆ ಮಡಚಿ, ಪೃಷ್ಠ ಬಿಗಿ ಮಾಡಿ ನೋಡಿ. ಹೊಟ್ಟೆ ಬೇಗನೆ ನಡುಗುತ್ತದೆ, ಅಲ್ವಾ? ಹೆರಿಗೆಯಾದವರು ಮಾತ್ರ ಹೊಟ್ಟೆಯ ನಡುಗೆರೆ ಉಬ್ಬುತ್ತದೆಯೇ ಅಂತ ಗಮನಿಸಬೇಕು. ಉಬ್ಬಿದರೆ ನಾನು ಅವರಿಗೆ ನೆಲದ ಪ್ಲಾಂಕ್ ಕೊಡುವುದಿಲ್ಲ, ಗೋಡೆಗೆ ಕೈಯೂರಿ ಶುರು ಮಾಡಿಸುತ್ತೇನೆ.