ನುಸಿ ಕಡಿದ್ರೆ ಅಲರ್ಜಿ ಆಗೋ ಕುದುರೆನ ಕಾಪಾಡೋದು ಹೇಗೆ

ಕುದುರೆ ಬಾಲದ ಬುಡನ ಗೋಡೆಗೋ ಬೇಲಿಗೋ ಉಜ್ಜಿ ಉಜ್ಜಿ ಕೂದಲೆಲ್ಲ ಉದುರಿಸ್ಕೊಂಡಿದ್ರೆ ಮೊದಲು ಹೇನು ಅಂತಾರೆ, ಇಲ್ಲಾ ಜಂತುಹುಳ ಅಂತಾರೆ. ಅದೂ ಇರಬಹುದು, ವೆಟ್‌ಗೆ ಒಂದ್ಸಲ ತೋರಿಸಿ. ಆದ್ರೆ ಕತ್ತಿನ ಜೂಲು, ಬಾಲದ ಬುಡ, ಹೊಟ್ಟೆ ಅಡಿ ನಡುಭಾಗ ಇಲ್ಲೆಲ್ಲ ತುರಿಕೆ ಇದ್ದು, ಪ್ರತಿ ವರ್ಷ ಬೆಚ್ಚಗಿನ ತಿಂಗಳಲ್ಲಿ ಶುರುವಾಗಿ ಚಳಿ ಬಂದ್ಮೇಲೆ ಕಮ್ಮಿ ಆಗ್ತಿದ್ರೆ ನುಸಿ ಮೇಲೇ ಅನುಮಾನ ಪಡಿ. ಇದಕ್ಕೆ ಸ್ವೀಟ್ ಇಚ್ ಅಂತಾರೆ. ಕ್ಯುಲಿಕಾಯ್ಡಿಸ್ ಜಾತಿ ನುಸಿ ಬರೀ 1ರಿಂದ 3 ಮಿ.ಮೀ. ಇರುತ್ತೆ, ಹೆಣ್ಣು ನುಸಿ ಮಾತ್ರ ರಕ್ತ ಹೀರೋದು, ಅದರ ಜೊಲ್ಲಲ್ಲಿರೋ ಪ್ರೋಟೀನ್ ಕೆಲವು ಕುದುರೆಗೆ ಆಗಲ್ಲ. ನುಸಿ ಕಾಟ ಗೊತ್ತಿಲ್ಲದೆ ಐಸ್‌ಲ್ಯಾಂಡಲ್ಲಿ ಬೆಳೆದ ಕುದುರೆಗಳನ್ನ ಬೇರೆ ದೇಶಕ್ಕೆ ತಗೊಂಡು ಹೋದಾಗ ಅವಕ್ಕೆ ಇದು ತುಂಬಾ ಜಾಸ್ತಿ ಬರುತ್ತೆ.

ಈ ಅಲರ್ಜಿನ ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ, ಕಚ್ಚದಂಗೆ ನೋಡ್ಕೊಳ್ಳೋದೇ ದಾರಿ, ಅದನ್ನೂ ತುರಿಕೆ ಶುರುವಾಗೋ ಮುಂಚೇನೇ ಮಾಡ್ಬೇಕು, ಯಾಕಂದ್ರೆ ಒಂದ್ಸಲ ಚರ್ಮ ಕೆರಳಿದ್ರೆ ಆಮೇಲೆ ನಾಲ್ಕು ನುಸಿ ಕಚ್ಚಿದ್ರೂ ಕುದುರೆ ಮೈ ಕಿತ್ಕೊಳ್ಳುತ್ತೆ. ಸೀಸನ್ ಹತ್ರ ಬರ್ತಿದ್ದಂಗೆ ದಿನಾ ಜೂಲಿನ ಕೂದಲನ್ನ ಬೆರಳಲ್ಲಿ ಬಿಡಿಸಿ ಬುಡ ನೋಡಿ: ಸಣ್ಣ ಗುಳ್ಳೆ, ಹೊಟ್ಟು, ಮುರಿದ ಕೂದಲು ಸವೆದ ಬ್ರಷ್ ಥರ ಕೈಗೆ ಚುಚ್ಚೋದು, ಇದೆಲ್ಲ ಮೊದಲ ಸೂಚನೆ.

ನನ್ನ ಪ್ರಕಾರ ದುಡ್ಡು ಹಾಕೋದಾದ್ರೆ ಮೊದಲು ಒಳ್ಳೆ ರಗ್‌ಗೆ, ಅಂದ್ರೆ ಕುದುರೆ ಮೈಗೆ ಹೊದಿಸೋ ಬಟ್ಟೆಗೆ ಹಾಕಿ. ಮಾಮೂಲಿ ನೊಣದ ರಗ್ ಸಾಲಲ್ಲ, ಸ್ವೀಟ್ ಇಚ್ ರಗ್ ಅಂತಾನೇ ಬರುತ್ತೆ, ಬಟ್ಟೆ ತುಂಬಾ ಒತ್ತಾಗಿರುತ್ತೆ, ಕತ್ತು ಪೂರ್ತಿ ಮುಚ್ಚುತ್ತೆ, ಹೊಟ್ಟೆ ಅಡಿಗೂ ಬಾಲದ ಮೇಲೂ ಬಟ್ಟೆ ಬರುತ್ತೆ. ಹೊಟ್ಟೆ ಪಟ್ಟಿ ಸಡಿಲ ಇದ್ರೆ ನುಸಿ ಅಲ್ಲಿಂದಾನೇ ನುಗ್ಗುತ್ತೆ, ಅದಕ್ಕೆ ಹಾಕಿದ್ಮೇಲೆ ಬಗ್ಗಿ ಒಂದ್ಸಲ ನೋಡಿ. ಭುಜದ ಹತ್ರ ಉಜ್ಜಿ ಗಾಯ ಆಗಿದ್ಯಾ, ಒಳಗೆ ಬೆವರ್ತಿದ್ಯಾ ಅಂತ ದಿನಾ ತೆಗೆದು ನೋಡ್ಬೇಕು, ಸಣ್ಣ ತೂತು ಬಿದ್ರೂ ಅವತ್ತೇ ಹೊಲೀರಿ. ಒಗೆಯೋಕೆ ಅನುಕೂಲ ಆಗೋ ಹಾಗೆ ಎರಡು ರಗ್ ಇದ್ರೆ ಒಳ್ಳೇದು. ಮುಖಕ್ಕೆ, ಕಿವಿಗೆ ಮಾಸ್ಕ್.

ಇನ್ನು ಟೈಮ್. ಬೆಳಗಿನ ಜಾವ, ಸಂಜೆ ಸೂರ್ಯ ಮುಳುಗೋ ಹೊತ್ತು ನುಸಿ ಕಾಟ ಜೋರು, ಅದಕ್ಕೆ ಸಂಜೆ ಆಗೋಕ್ಕೆ ಸಾಕಷ್ಟು ಮುಂಚೆ ಲಾಯಕ್ಕೆ ಕಟ್ಟಿ ಬೆಳಗ್ಗೆ ಬಿಸಿಲು ಚೆನ್ನಾಗಿ ಏರಿದ್ಮೇಲೆ ಹೊರಗೆ ಬಿಡಿ, ಆದ್ರೆ ಮೋಡ ಕವಿದು ಗಾಳಿ ಇಲ್ದಿರೋ ದಿನ ಮಧ್ಯಾಹ್ನನೂ ಕಚ್ಚುತ್ತೆ ಅನ್ನೋದು ನೆನಪಿರಲಿ. ಇವಕ್ಕೆ ಗಾಳಿಗೆ ಎದುರಾಗಿ ಹಾರೋ ಶಕ್ತಿ ಇಲ್ಲ. ಹಾಗಾಗಿ ಲಾಯದಲ್ಲಿ ದೊಡ್ಡ ಫ್ಯಾನ್ ಹಾಕಿದ್ರೆ ನಿಜವಾಗ್ಲೂ ಕೆಲಸ ಮಾಡುತ್ತೆ, ವೈರ್ ಮಾತ್ರ ಕುದುರೆ ಬಾಯಿಗೆ ಸಿಗದಂಗೆ ನೋಡ್ಕೊಳ್ಳಿ. ಮೇಯೋಕೆ ಬಿಡೋದೂ ಗಾಳಿ ಆಡೋ ಎತ್ತರದ ಬಯಲಲ್ಲಿ, ಕೆರೆ, ಜೌಗು, ದಟ್ಟ ಮರ ಇರೋ ಕಡೆ ಬೇಡ. ಕಿಟಕಿಗೆ ಮಾಮೂಲಿ ಸೊಳ್ಳೆ ಪರದೆ ಹಾಕಿ ಸುಮ್ನಾಗ್ಬೇಡಿ, ಅದರ ಕಣ್ಣಲ್ಲಿ ನುಸಿ ತೂರ್ಕೊಂಡು ಬರುತ್ತೆ, ಇನ್ನೂ ಸಣ್ಣ ಕಣ್ಣಿನ ಪರದೆ ಬೇಕು. ಒದ್ದೆ ಮಣ್ಣು, ಲದ್ದಿ ಕಲಸಿದ ಕೆಸರಲ್ಲೇ ಇವು ಮೊಟ್ಟೆ ಇಡೋದು, ನೀರಿನ ತೊಟ್ಟಿ ಸೋರಿ ಸುತ್ತ ಕೆಸರಾಗಿದ್ರೆ ಅದನ್ನ ಮೊದಲು ಸರಿ ಮಾಡ್ಸಿ.

ಸ್ಪ್ರೇ, ಲೋಷನ್ ರಗ್ ಮುಚ್ಚದ ಜಾಗಕ್ಕೆ. ಬೆವರು, ಮಳೆಗೆ ತೊಳ್ಕೊಂಡು ಹೋಗುತ್ತೆ, ಲೇಬಲ್ ನೋಡಿ ಮತ್ತೆ ಹಚ್ಬೇಕು. ಬೆಂಜೈಲ್ ಬೆಂಜೊಯೇಟ್ ಇರೋ ಲೋಷನ್ ಗಾಯದ ಮೇಲೆ ಹಚ್ಬೇಡಿ, ಉರಿಯುತ್ತೆ. ಪರ್ಮೆಥ್ರಿನ್ ಅನ್ನೋ ಕೀಟನಾಶಕ ಬೆಕ್ಕಿಗೆ ವಿಷ, ಲಾಯದಲ್ಲಿ ಬೆಕ್ಕು ಓಡಾಡ್ತಿದ್ರೆ ತುಂಬಾ ಹುಷಾರು.

ಉಜ್ಜಿ ರಕ್ತ ಬರ್ತಿದ್ರೆ, ಚರ್ಮ ದಪ್ಪ ಆಗಿ ಮಡಿಕೆ ಬಿದ್ದಿದ್ರೆ ಕಾಯ್ಬೇಡಿ, ವೆಟ್ ಕರೆಸಿ. ಸ್ಟೀರಾಯ್ಡ್ ಕೊಟ್ರೆ ತುರಿಕೆ ಬೇಗ ಇಳಿಯುತ್ತೆ, ಆದ್ರೆ ಕೆಲವು ಕುದುರೆಗೆ ಅದರಿಂದ ಲ್ಯಾಮಿನೈಟಿಸ್, ಅಂದ್ರೆ ಗೊರಸಿನ ಒಳಗೆ ನೋವಿನ ಉರಿಯೂತ, ಬರೋ ಅಪಾಯ ಇದೆ, ದಪ್ಪ ಇರೋ ಕುದುರೆ ಆದ್ರೆ, ಮುಂಚೆ ಲ್ಯಾಮಿನೈಟಿಸ್ ಆಗಿದ್ರೆ ಅದನ್ನ ಬಾಯಿ ಬಿಟ್ಟು ಹೇಳಿ. ಈ ಅಲರ್ಜಿ ವಂಶದಲ್ಲೂ ಬರುತ್ತೆ, ಹಾಗಾಗಿ ಜಾಸ್ತಿ ಒದ್ದಾಡೋ ಕುದುರೆಯಿಂದ ಮರಿ ಮಾಡಿಸೋ ಯೋಚನೆ ಬಿಟ್ಬಿಡಿ.