ಓಟು ಎಲ್ಲಿಯದು ಎಂದು ಕೇಳುತ್ತ ಮಂಡ್ಯದ ಚುನಾವಣೆಯನ್ನು ಓದಿದ್ದು

2019ರ ಮಾರ್ಚ್‌ನಲ್ಲಿ ನಟಿ, ನಟ-ರಾಜಕಾರಣಿ ದಿವಂಗತ ಅಂಬರೀಶ್ ಅವರ ಪತ್ನಿ ಸುಮಲತಾ ಅಂಬರೀಶ್ ಅವರು ಮಂಡ್ಯ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ಸ್ಪರ್ಧಿಸುವುದು ಖಚಿತವಾದ ದಿನವೇ, ನಾನು ಕೆಲಸ ಮಾಡುತ್ತಿದ್ದ ಸಣ್ಣ ಸುದ್ದಿತಾಣದವರು ಆನ್‌ಲೈನ್ ಪ್ರತಿಕ್ರಿಯೆಗಳನ್ನು ಓದಿ ದಿನಕ್ಕೊಂದು ವರದಿ ಬರೆಯುವ ಹೊಣೆಯನ್ನು ನನಗೆ ಒಪ್ಪಿಸಿದರು. ಎದುರಾಳಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ, ನಟ ನಿಖಿಲ್. ಅವರು ಜೆಡಿಎಸ್ ಮತ್ತು ಕಾಂಗ್ರೆಸ್ ಮೈತ್ರಿಕೂಟದ ಅಭ್ಯರ್ಥಿ. ಬಿಜೆಪಿ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಸುಮಲತಾ ಅವರನ್ನು ಬೆಂಬಲಿಸಿತು. ಎರಡೂ ಕಡೆ ಸಿನಿಮಾದವರೇ ಇದ್ದುದರಿಂದ, ರಾಜ್ಯದ ಮೂಲೆಮೂಲೆಯ ಅಭಿಮಾನಿಗಳೆಲ್ಲ ಮಂಡ್ಯದ ಬಗ್ಗೆ ಬರೆಯತೊಡಗಿದರು.

ಮೊದಲ ಕೆಲವು ದಿನ ನಾನು ಮಾಡಿದ್ದು ಲೈಕುಗಳನ್ನು ಎಣಿಸುವ ಕೆಲಸ. ಆ ಲೆಕ್ಕದ ಪ್ರಕಾರ ಚುನಾವಣೆ ನಡೆಯುವ ಮೊದಲೇ ಫಲಿತಾಂಶ ಬಂದುಬಿಟ್ಟಿತ್ತು. ಆದರೆ ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ಸ್ಥಾನಗಳನ್ನು, ಮಂಡ್ಯ ಜಿಲ್ಲೆಯ ಏಳರ ಜೊತೆ ಕೃಷ್ಣರಾಜನಗರವನ್ನೂ, ಜೆಡಿಎಸ್ ಗೆದ್ದಿತ್ತು ಎಂಬುದು ನನಗೆ ಗೊತ್ತಿತ್ತು. ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆಗ ಲೈಕಿನ ಲೆಕ್ಕವನ್ನು ಬದಿಗಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದೆ. ಬರೆದವರ ಓಟು ಎಲ್ಲಿಯದು, ಮಾತು ಅಭ್ಯರ್ಥಿಯ ಬಗ್ಗೆಯೋ ಅವರ ಮನೆತನದ ಬಗ್ಗೆಯೋ, ಇದೇ ಮಾತು ಬೇರೆಲ್ಲಾದರೂ ಕಂಡಿದೆಯೋ ಎಂಬುವೇ ಆ ಮೂರು.

ಮೊದಲ ಅಂಕಣವೇ ಹೆಚ್ಚು ಕಲಿಸಿತು. ಪ್ರೊಫೈಲು ತೆರೆದು ಹಳೆಯ ಬರಹಗಳನ್ನು ನೋಡಿದರೆ, ಅತಿ ಜೋರಾಗಿ ಬರೆಯುವವರಲ್ಲಿ ಬಹುಪಾಲು ಮಂದಿಗೆ ಮಂಡ್ಯದಲ್ಲಿ ಓಟೇ ಇಲ್ಲ ಎನ್ನುವುದು ಸ್ಪಷ್ಟವಾಗುತ್ತಿತ್ತು. ಕ್ಷೇತ್ರದವರು ಬರೆಯುವ ರೀತಿಯೇ ಬೇರೆ ಇತ್ತು. ಕಬ್ಬಿನ ಬಾಕಿ ಹಣ, ನಾಲೆಯ ಕೊನೆಯ ಭಾಗಕ್ಕೆ ಬಾರದ ನೀರು, ಅಂಬರೀಶ್ ಒಮ್ಮೆ ತಮ್ಮೂರಿಗೆ ಬಂದಾಗ ಯಾರ ಮನೆಯಲ್ಲಿ ಕೂತು ಊಟ ಮಾಡಿದರು ಎಂಬಂಥ ವಿವರಗಳು ಅವರ ಮಾತಿನಲ್ಲಿ ಬರುತ್ತಿದ್ದವು. ಮೂರನೆಯ ಅಂಕಣಕ್ಕೆ ನನಗೆ ನೆರವಾದದ್ದು ಕಾಗುಣಿತ. ಸುಮಲತಾ ಅವರ ಪ್ರಚಾರದ ಮುಖ್ಯ ಪದ ‘ಸ್ವಾಭಿಮಾನ’. ಅದನ್ನು ‘ಸ್ವಾಬಿಮಾನ’ ಎಂದು ಬರೆದ ಒಂದೇ ವಾಕ್ಯವು, ಅದೇ ತಪ್ಪು ಮತ್ತು ಅದೇ ಎರಡು ಆಶ್ಚರ್ಯಸೂಚಕಗಳೊಂದಿಗೆ, ಬೇರೆ ಬೇರೆ ಹೆಸರಿನ ಖಾತೆಗಳಲ್ಲಿ ಸಾಲುಸಾಲಾಗಿ ಸಿಕ್ಕಾಗ, ಅದು ಜನಾಭಿಪ್ರಾಯವಲ್ಲ, ಯಾರೋ ಹಂಚಿದ ಪಠ್ಯ ಎಂದು ಗುರುತು ಹಾಕಿಕೊಂಡೆ. ಎದುರು ಪಾಳೆಯದಲ್ಲಿಯೂ ಇಂಥವು ಸಿಕ್ಕವು.

‘ನಿಖಿಲ್ ಎಲ್ಲಿದೀಯಪ್ಪ’ ಎಂಬ ಮಾತಿನ ಪಯಣವನ್ನು ಮಾತ್ರ ನಾನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದೆ. 2016ರಲ್ಲಿ ಮಗನ ಮೊದಲ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದ ವೇದಿಕೆಯಿಂದ ಕುಮಾರಸ್ವಾಮಿ ಅವರು ಮಗನನ್ನು ಕರೆದ ಮಾತು ಅದು. ಮಗ ಜನರ ನಡುವಿನಿಂದ ಉತ್ತರಿಸುತ್ತಾರೆ. ತಂದೆ ಮಗನ ಅಕ್ಕರೆಯ ಆ ದೃಶ್ಯ ಮೂರು ವರ್ಷ ಯಾರ ಗಮನಕ್ಕೂ ಬಾರದೆ ಇದ್ದು, ಚುನಾವಣೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲರ ಫೋನಿನಲ್ಲಿ ಕಾಣಿಸಿಕೊಂಡಿತು. ಆ ಮಾತನ್ನೇ ಶೀರ್ಷಿಕೆಯಾಗಿ ನೋಂದಾಯಿಸಲು ಚಿತ್ರ ನಿರ್ಮಾಪಕರು ಫಿಲ್ಮ್ ಚೇಂಬರಿಗೂ ಹೋದರು. ಮದ್ದೂರಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಹುಡುಗನೊಬ್ಬ ಬಸ್ಸಿನೊಳಗಿದ್ದ ತನ್ನ ಜೊತೆಗಾರನನ್ನು ಅದೇ ರಾಗದಲ್ಲಿ ಕೂಗಿ ಕರೆದದ್ದನ್ನು, ಬಸ್ಸಿನಲ್ಲಿದ್ದವರೆಲ್ಲ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ. ನಕ್ಕವರಲ್ಲಿ ನಿಖಿಲ್ ಅವರಿಗೇ ಓಟು ಹಾಕುವೆನೆಂದು ನನಗೆ ಹೇಳಿದವರೂ ಇದ್ದರು. ಆದ್ದರಿಂದ ಆ ನಗುವನ್ನು ನಾನು ಯಾವ ಅಂಕಣದಲ್ಲಿಯೂ ಬರೆದುಕೊಳ್ಳಲಿಲ್ಲ.

ನನ್ನಿಂದ ಒಂದು ದೊಡ್ಡ ತಪ್ಪೂ ಆಯಿತು. ಏಪ್ರಿಲ್ ಮೊದಲ ವಾರ ಭಾರೀ ಜನಸಂದಣಿಯ ವೀಡಿಯೊ ಒಂದು ಬಂತು. ಪ್ರಚಾರದ ಮೆರವಣಿಗೆಯದೆಂಬ ಅಡಿಬರಹವನ್ನು ನಂಬಿ ನಾನು ಅದನ್ನು ವರದಿಗೆ ಸೇರಿಸಿದೆ. ಅರ್ಧ ಗಂಟೆಯೊಳಗೆ ಮಳವಳ್ಳಿ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ‘ಅಲ್ಲ ಕಣಪ್ಪ, ಅದು ನಮ್ಮೂರ ಹಬ್ಬದ್ದು. ಹಿಂದ್ಗಡೆ ತೇರಿನ ಕಳಸ ಕಾಣ್ತಾ ಇಲ್ವಾ?’ ಎಂದರು. ಮತ್ತೆ ನೋಡಿದರೆ, ಚೌಕಟ್ಟಿನ ಮೇಲ್ಭಾಗದ ಬಲ ಮೂಲೆಯಲ್ಲಿ ಕಳಸವೂ ಅದಕ್ಕೆ ಕಟ್ಟಿದ ಬಾಳೆಕಂದೂ ಸ್ಪಷ್ಟವಾಗಿದ್ದವು. ವೀಡಿಯೊ ತೆಗೆದು ತಿದ್ದುಪಡಿ ಹಾಕಿದೆವು, ಆದರೆ ನಮ್ಮ ಹೆಸರಿನೊಂದಿಗೇ ಆ ತುಣುಕು ಮತದಾನದ ದಿನದವರೆಗೂ ಗುಂಪುಗಳಲ್ಲಿ ಓಡಾಡುತ್ತಿತ್ತು. ತಿದ್ದುಪಡಿಯನ್ನು ಹಂಚಿದವರು ಯಾರೂ ಕಾಣಲಿಲ್ಲ. ಅಂದಿನಿಂದ, ಆ ಊರಿನವರೊಬ್ಬರಿಗೆ ಫೋನ್ ಮಾಡಿ ಕೇಳದೆ ಯಾವ ವೀಡಿಯೊವನ್ನೂ ಬಳಸಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಎರಡನೆಯ ಅಂಕಣ. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಪಾರ್ಥಿವ ಶರೀರವನ್ನು ಮಂಡ್ಯದ ಕ್ರೀಡಾಂಗಣಕ್ಕೆ ತಂದಾಗ ಸುಮಲತಾ ಅವರು ಮಂಡ್ಯದ ಮಣ್ಣನ್ನು ಗಂಡನ ಹಣೆಗೆ ಹಚ್ಚಿದ ಚಿತ್ರ ಮಾರ್ಚ್‌ನಲ್ಲಿ ಮತ್ತೆ ಹರಿದಾಡಿತು. ಅದರ ಕೆಳಗೇ, ಗಂಡ ಹೋಗಿ ನಾಲ್ಕು ತಿಂಗಳಾಗಿಲ್ಲ, ಆಗಲೇ ರಾಜಕೀಯವೇ ಎಂಬ ಮಾತುಗಳೂ, ಈಕೆ ಮಂಡ್ಯದವಳೇ ಅಲ್ಲ ಎಂಬ ಮಾತುಗಳೂ ಬಂದವು. ಹೊಣೆಯ ಸ್ಥಾನದಲ್ಲಿದ್ದವರೇ ಸಾರ್ವಜನಿಕವಾಗಿ ಹೀಗೆ ಆಡಿದ್ದು ನನಗೆ ಈಗಲೂ ಒಪ್ಪಲಾಗದ ಸಂಗತಿ. ಟ್ವಿಟರಿನಲ್ಲಿ ಇದಕ್ಕೆ ಬಂದ ಉತ್ತರಗಳು ದೀರ್ಘವೂ ಕೋಪದವೂ ಆಗಿದ್ದವು. ಆದರೆ ನಾನು ದಾಖಲಿಸಿಕೊಂಡದ್ದು ಪಾಂಡವಪುರದ ಸ್ತ್ರೀಶಕ್ತಿ ಸಂಘವೊಂದರ ವಾಟ್ಸಾಪ್ ಗುಂಪಿನಿಂದ ಪರಿಚಿತರೊಬ್ಬರು ಕೇಳಿಸಿದ ಧ್ವನಿ ಸಂದೇಶವನ್ನು. ಹಿನ್ನೆಲೆಯಲ್ಲಿ ಪಾತ್ರೆಯ ಸದ್ದಿತ್ತು. ‘ಗಂಡ ಸತ್ತ ಮ್ಯಾಕೆ ನಾವೂ ಹೊಲಕ್ಕೆ ಹೋಗಿಲ್ವಾ, ಮೂರ್ ತಿಂಗ್ಳು ಮನೇಲಿ ಕೂತಿದ್ರೆ ಉಣ್ಣಾಕ್ ಇಕ್ಕೋರ್ ಯಾರು?’ ಎಂದಷ್ಟೇ ಇತ್ತು ಆ ಸಂದೇಶ. ಆ ಹೆಂಗಸಿನ ಓಟು ಅಲ್ಲಿಯದೇ ಆಗಿತ್ತು. ನೋಟ್‌ಬುಕ್ಕಿನಲ್ಲಿ ಆ ಪುಟದ ಮೂಲೆಯನ್ನು ಮಡಚಿಟ್ಟೆ.

ಕಣದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಮಹಿಳೆಯರು ಇದ್ದರು. ಆನ್‌ಲೈನ್ ಬೆಂಬಲಿಗರು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದರೆ, ನನ್ನ ಮಟ್ಟಿಗೆ, ಘೋಷಣೆಗಳನ್ನು ಬಿಟ್ಟು, ಮತದಾರರಿಗೆ ಗೊಂದಲವಾಗದಂತೆ ಸುಮಲತಾ ಅಂಬರೀಶ್ ಅವರ ಚುನಾವಣಾ ಚಿಹ್ನೆಯಾದ ಕಹಳೆ ಊದುವ ರೈತನ ಗುರುತನ್ನು ಮತಯಂತ್ರದ ಮಾದರಿ ಚಿತ್ರದೊಂದಿಗೆ ಮನೆಮನೆಯ ಫೋನಿಗೆ ತಲುಪಿಸಿದ್ದು.

ಏಪ್ರಿಲ್ 18ರಂದು ಮತದಾನವಾಯಿತು. ಮೇ 23ರಂದು ಎಣಿಕೆ ಮುಗಿದಾಗ ಸುಮಲತಾ ಅವರಿಗೆ 7,03,660 ಮತಗಳು ಬಂದಿದ್ದವು. ಗೆಲುವಿನ ಅಂತರ 1,25,876. ನಾನು ಫಲಿತಾಂಶವನ್ನು ಮೊದಲೇ ಹೇಳಿರಲಿಲ್ಲ. ಕೊನೆಯ ವರದಿಯಲ್ಲಿ, ಕ್ಷೇತ್ರದೊಳಗಿನ ಹೆಂಗಸರ ಮಾತು ಒಂದು ಕಡೆಗೆ ವಾಲಿದೆ ಎಂದಷ್ಟೇ ಬರೆದಿದ್ದೆ.

2024ರಲ್ಲಿ ಸುಮಲತಾ ಅವರು ಸ್ಪರ್ಧಿಸದೆ ಬಿಜೆಪಿ ಸೇರಿದರು. ಬಿಜೆಪಿಯ ಮೈತ್ರಿಯೊಂದಿಗೆ ಮಂಡ್ಯದಿಂದ ನಿಂತು ಗೆದ್ದವರು ಕುಮಾರಸ್ವಾಮಿ ಅವರೇ. ಆ ಬೇಸಿಗೆ ನಾನು ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮತ್ತೆ ಮೂರು ಅಂಕಣ ಎಳೆದು, ಮೊದಲನೆಯದರ ತಲೆಯ ಮೇಲೆ ‘ಓಟು ಎಲ್ಲಿಯದು’ ಎಂದು ಬರೆದು ಕೆಲಸಕ್ಕೆ ಕೂತೆ.