ಜಪಾನಿನ ಶಾಲೆಗಳಿಗೆ ಪಾಠ ಹೇಳಲು ಬರುವ ಕನ್ನಡಿಗರಿಗೆ: ಮೊದಲ ವರ್ಷದ ಮಾರ್ಗದರ್ಶಿ

ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ, ಅಂದರೆ ಎಎಲ್‌ಟಿ ಆಗಿ ಬರುವವರಲ್ಲಿ ಹೆಚ್ಚಿನವರು ಮಾರ್ಚ್ ಕೊನೆಗೆ ಬಂದಿಳಿದು ಏಪ್ರಿಲ್ ಮಧ್ಯದ ಹೊತ್ತಿಗೆ ಮಕ್ಕಳ ಮುಂದೆ ನಿಂತಿರುತ್ತಾರೆ. ಪಾಠ ಹೇಳಿ ಅಭ್ಯಾಸವಿದ್ದವರಿಗೆ ತರಗತಿ ಅಷ್ಟು ಕಾಡುವುದಿಲ್ಲ. ಕಾಡುವುದು ಕರಾರು, ವಿಮೆ, ತೆರಿಗೆ ಮತ್ತು ಅಡುಗೆಮನೆ. ಅದಕ್ಕೇ ಇಲ್ಲಿ ಅವುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸಹಿ ಹಾಕುವ ಮುಂಚೆ

ಎಎಲ್‌ಟಿ ಕೆಲಸ ಮೂರು ಬಗೆಯದು. ಊರಿನ ಶಿಕ್ಷಣ ಮಂಡಳಿಯೇ ನೇಮಿಸಿಕೊಳ್ಳುವುದು ಒಂದು. ಇದೇ ಎಲ್ಲಕ್ಕಿಂತ ಒಳ್ಳೆಯದು. ಖಾಸಗಿ ಕಂಪನಿ ನೇಮಿಸಿಕೊಂಡು ಶಾಲೆಗೆ ಕಳಿಸುವ 'ಹಾಕೆನ್' ಎರಡನೆಯದು. ಮೂರನೆಯದು 'ಗ್ಯೋಮು ಇತಾಕು', ಅಂದರೆ ಗುತ್ತಿಗೆ. ಗುತ್ತಿಗೆಯಲ್ಲಿ ಶಾಲೆಯ ಶಿಕ್ಷಕರು ನಿಮಗೆ ನೇರವಾಗಿ ಸೂಚನೆ ಕೊಡುವುದಕ್ಕೆ ಕಾನೂನಿನ ಅಡ್ಡಿಯಿದೆ. ಇಬ್ಬರೂ ಒಂದೇ ತರಗತಿಯಲ್ಲಿ ನಿಂತು ಪಾಠ ಮಾಡಬೇಕಾದಲ್ಲಿ ಇದು ದಿನವೂ ತೊಡಕು ತರುತ್ತದೆ. ಯಾವ ಬಗೆ ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಆಮೇಲೆ ವಾರದ ಗಂಟೆಗಳ ಸಾಲು ನೋಡಿ. 29.5 ಗಂಟೆ ಎಂದಿದ್ದರೆ ಅದು ಕೈತಪ್ಪಿ ಬಂದ ಅಂಕಿಯಲ್ಲ. ಪೂರ್ಣಾವಧಿ ನೌಕರನ ಮುಕ್ಕಾಲು ಭಾಗ, ಸುಮಾರು 30 ಗಂಟೆ ದುಡಿಸಿದರೆ ಕಂಪನಿ ನಿಮ್ಮನ್ನು 'ಶಕಾಯ್ ಹೊಕೆನ್' ಎಂಬ ಉದ್ಯೋಗಿ ವಿಮೆ-ಪಿಂಚಣಿಗೆ ಸೇರಿಸಲೇಬೇಕು, ಕಂತಿನ ಅರ್ಧ ತಾನೇ ಕಟ್ಟಬೇಕು. ಅದನ್ನು ತಪ್ಪಿಸಲು ಹುಟ್ಟಿದ ಅಂಕಿಯಿದು. ಆದರೆ 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವಾರಕ್ಕೆ 20 ಗಂಟೆ, ತಿಂಗಳಿಗೆ 88,000 ಯೆನ್ ಮುಟ್ಟಿದರೆ ಸಾಕು, ಸೇರಿಸಬೇಕು. ಇನ್ನೂ "ವಿಮೆ ನೀವೇ ಮಾಡಿಸಿಕೊಳ್ಳಿ" ಎನ್ನುವ ದೊಡ್ಡ ಕಂಪನಿಯಿದ್ದರೆ ಈ ನಿಯಮವನ್ನು ಮುಂದಿಟ್ಟು ಕೇಳಿ. ಕಂಪನಿ ಸೇರಿಸದಿದ್ದರೆ ರಾಷ್ಟ್ರೀಯ ಪಿಂಚಣಿಯ ಕಂತು ಪೂರ್ತಿ ಕೈಯಿಂದ ಹೋಗುತ್ತದೆ (2025-26ರಲ್ಲಿ ತಿಂಗಳಿಗೆ 17,510 ಯೆನ್ ಇತ್ತು), ಆರೋಗ್ಯ ವಿಮೆ ಬೇರೆ.

ಆಗಸ್ಟ್ ಸಂಬಳವನ್ನೂ ಕೇಳಲೇಬೇಕು. ಶಾಲೆಗೆ ರಜೆಯಿರುವ ತಿಂಗಳಲ್ಲಿ ಕೆಲವು ಕಂಪನಿಗಳು ಅರ್ಧ ಸಂಬಳ ಕೊಡುತ್ತವೆ. ಡಿಸೆಂಬರ್, ಮಾರ್ಚ್‌ನಲ್ಲೂ ಕತ್ತರಿ ಹಾಕುವುದುಂಟು. ಜಾಹೀರಾತಿನ ತಿಂಗಳ ಸಂಬಳವನ್ನು ಹನ್ನೆರಡರಿಂದ ಗುಣಿಸಿ ಮನೆಗೆ ಕಳಿಸುವ ಹಣದ ಮಾತು ಕೊಟ್ಟುಬಿಡಬೇಡಿ.

ವೀಸಾ ವಿಷಯದಲ್ಲಿ ಒಂದೇ ಎಚ್ಚರ. ಪ್ರಾಥಮಿಕದಿಂದ ಪ್ರೌಢಶಾಲೆಯವರೆಗೆ ಪಾಠ ಮಾಡುವವರದು 'ಕ್ಯೋಯಿಕು' ಎಂಬ ಶಿಕ್ಷಕ ದರ್ಜೆ. ಇಂಗ್ಲಿಷ್ ಸಂಭಾಷಣೆ ಕಲಿಸುವ ಖಾಸಗಿ ಕೇಂದ್ರಗಳ ಕೆಲಸ ಬೇರೆ ದರ್ಜೆಗೆ ಸೇರಿದ್ದು. ಸಂಜೆ ಅಲ್ಲಿ ಎರಡು ಕ್ಲಾಸ್ ತೆಗೆದುಕೊಂಡರೂ ಮೊದಲೇ ವಲಸೆ ಕಚೇರಿಯ ಅನುಮತಿ ಬೇಕು. ಕೆಲಸ ಬಿಟ್ಟರೆ ಅಥವಾ ಬದಲಿಸಿದರೆ 14 ದಿನದೊಳಗೆ ತಿಳಿಸಬೇಕು. ಇದನ್ನು ಮರೆತವರಿಗೆ ನವೀಕರಣದ ಸಮಯದಲ್ಲಿ ಕಷ್ಟವಾಗುತ್ತದೆ.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಡಾಕ್ಟರು ಬರೆದ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ತರಬಹುದು. ಅದಕ್ಕಿಂತ ಹೆಚ್ಚಿಗೆ ಮುಂಗಡ ದೃಢೀಕರಣ ಪತ್ರ ಬೇಕು. ಕೊಡೀನ್ ಅಥವಾ ಸ್ಯೂಡೋಎಫೆಡ್ರಿನ್ ಇರುವ ಕೆಮ್ಮು-ನೆಗಡಿಯ ಔಷಧಿಗಳನ್ನು ಊರಲ್ಲೇ ಬಿಟ್ಟು ಬನ್ನಿ, ಇಲ್ಲಿ ಅದು ಸಣ್ಣ ತಪ್ಪಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣನ್ನು ಸಸ್ಯ ತಪಾಸಣೆಯಲ್ಲಿ ವಶಪಡಿಸಿಕೊಳ್ಳುತ್ತಾರೆ. ಅಕ್ಕಿ, ಇಡೀ ಕಾಳುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಸಾರಿನ ಪುಡಿ, ಹುಳಿ ಪುಡಿ, ಇಂಗು ಮುಚ್ಚಿದ ಪೊಟ್ಟಣದಲ್ಲಿದ್ದರೆ ತೊಂದರೆಯಿಲ್ಲ.

ಮಿಕ್ಸಿಯ ಬಗ್ಗೆ ಪ್ರತಿ ವರ್ಷ ಕೇಳುತ್ತಾರೆ. ಇಲ್ಲಿನ ವಿದ್ಯುತ್ 100 ವೋಲ್ಟ್. ನಮ್ಮ 230 ವೋಲ್ಟ್ ಮಿಕ್ಸಿ ಸುಮ್ಮನೆ ಗುಂಯ್‌ಗುಟ್ಟುತ್ತದೆ, ಕಾಯಿ ನುಣ್ಣಗಾಗುವುದಿಲ್ಲ. 750 ವಾಟಿನ ಮಿಕ್ಸಿಗೆ ಒಪ್ಪುವ ಟ್ರಾನ್ಸ್‌ಫಾರ್ಮರ್ ಭಾರ, ದುಬಾರಿ. ಅಮೆರಿಕಕ್ಕೆಂದು ಮಾಡುವ 110 ವೋಲ್ಟಿನ ಮಿಕ್ಸಿಯನ್ನು ಬೆಂಗಳೂರಿನಲ್ಲೇ ಹುಡುಕಿ ತನ್ನಿ, ಸ್ವಲ್ಪ ನಿಧಾನ ಅನ್ನುವುದು ಬಿಟ್ಟರೆ ಚೆನ್ನಾಗಿ ನಡೆಯುತ್ತದೆ. ಅದೇ 110 ವೋಲ್ಟಿನ ಗ್ರೈಂಡರ್ ತರುವ ಮುಂಚೆ ಊರು ಯಾವುದೆಂದು ನೋಡಿ. ಫುಜಿ ನದಿಯಿಂದ ಪೂರ್ವಕ್ಕೆ, ಟೋಕಿಯೊ ಸೇರಿ, 50 ಹರ್ಟ್ಸ್. ಒಸಾಕಾ ಕಡೆ 60. ಅಮೆರಿಕದ ಗ್ರೈಂಡರ್ ಮೋಟರು 60ಕ್ಕೆ ಕಟ್ಟಿದ್ದು. 50ರಲ್ಲಿ ನಿಧಾನವಾಗಿ ತಿರುಗಿ ಬಿಸಿಯೇರುತ್ತದೆ, ಹೆಚ್ಚು ಹೊತ್ತು ಓಡಿಸಿದರೆ ಸುಟ್ಟುಹೋಗಬಹುದು. ಮಿಕ್ಸಿಯ ಮೋಟರಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ.

ಮೊದಲ ಎರಡು ವಾರ

ನರಿತಾ, ಹನೆದಾ, ಕನ್ಸಾಯ್‌ನಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ನಿವಾಸಿ ಕಾರ್ಡ್ ಕೈಗೇ ಕೊಡುತ್ತಾರೆ. ವಿಳಾಸ ಗೊತ್ತಾದ 14 ದಿನದೊಳಗೆ ಊರಿನ ಪುರಸಭೆ ಕಚೇರಿಗೆ ಹೋಗಿ ನೋಂದಾಯಿಸಿ. ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಬರೆದುಕೊಡುತ್ತಾರೆ. ಇದಾದ ಮೇಲೆ 'ಮೈ ನಂಬರ್' ಎಂಬ 12 ಅಂಕಿಯ ಗುರುತು ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆಯವರು ಪತ್ರ ಮುಟ್ಟಿಸಲು ಟಪಾಲು ಪೆಟ್ಟಿಗೆ ಮೇಲೆ ನಿಮ್ಮ ಹೆಸರಿರಬೇಕು.

ನಮ್ಮವರಿಗೆ ಹೆಸರೇ ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಊರು, ತಂದೆ, ಸ್ವಂತ ಹೆಸರು ಸೇರಿ ಇಪ್ಪತ್ತೈದು ಅಕ್ಷರ ದಾಟುತ್ತದೆ, ಅಥವಾ ಉಪನಾಮದ ಜಾಗ ಖಾಲಿ ಇರುತ್ತದೆ. ಜಪಾನಿ ಕಟಕಾನಾ ಲಿಪಿಯಲ್ಲಿ 'ಶ್ರೀನಿವಾಸ' ಎಂಬುದನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು. ಪುರಸಭೆಯಲ್ಲಿ ಮೊದಲ ದಿನ ಯಾವ ರೂಪ ಬರೆದಿರೋ ಅದನ್ನೇ, ಪದಗಳ ನಡುವಿನ ಜಾಗದ ಸಮೇತ, ಬ್ಯಾಂಕು, ಮೊಬೈಲು, ಪಿಂಚಣಿ ಎಲ್ಲೆಡೆ ಬರೆಯಿರಿ. ಒಂದು ದೀರ್ಘ ತಪ್ಪಿದರೂ ಸಂಬಳದ ವರ್ಗಾವಣೆ ವಾಪಸಾಗುತ್ತದೆ. ಖಾತೆಗೆ ಅಂಚೆ ಬ್ಯಾಂಕ್ ಆದ 'ಯೂಚೊ' ಸುಲಭ. ಇತರ ಹಲವು ಬ್ಯಾಂಕುಗಳು ಮೊದಲ ಆರು ತಿಂಗಳು ನಿಮ್ಮನ್ನು ಅನಿವಾಸಿಯೆಂದೇ ನೋಡುತ್ತವೆ.

ಮನೆ ಹಿಡಿಯಲು ಬಾಡಿಗೆಯ ನಾಲ್ಕರಿಂದ ಐದು ಪಟ್ಟು ಹಣ ಒಟ್ಟಿಗೆ ಬೇಕು: ಠೇವಣಿ, ಮಾಲೀಕರಿಗೆ ಕೊಡುವ ವಾಪಸು ಬಾರದ 'ರೇಕಿನ್', ದಲ್ಲಾಳಿ ಶುಲ್ಕ, ಜಾಮೀನು ಕಂಪನಿಯ ಶುಲ್ಕ, ಬೀಗ ಬದಲಿಸುವ ಖರ್ಚು. 'ಯೂಆರ್' ಎಂಬ ಸರ್ಕಾರಿ ಸಂಸ್ಥೆಯ ವಸತಿಯಲ್ಲಿ ರೇಕಿನ್, ದಲ್ಲಾಳಿ, ಜಾಮೀನುದಾರ, ನವೀಕರಣ ಶುಲ್ಕ ಯಾವುದೂ ಇಲ್ಲ, ವರಮಾನ ಅಥವಾ ಉಳಿತಾಯ ತೋರಿಸಿದರೆ ಸಾಕು. ಎಷ್ಟೋ ಮನೆಗಳಲ್ಲಿ ದೀಪ, ಪರದೆ, ಒಲೆ ಕೂಡ ಇರುವುದಿಲ್ಲ. ಗ್ಯಾಸ್ ತೆರೆಯಲು ಕಂಪನಿಯವರು ಬಂದಾಗ ನೀವು ಮನೆಯಲ್ಲಿರಬೇಕು, ದಿನ ಮೊದಲೇ ಗೊತ್ತು ಮಾಡಿ. ಒಲೆ ಕೊಳ್ಳುವಾಗ ಮನೆಯದು ನಗರದ ಕೊಳವೆ ಗ್ಯಾಸೋ ಪ್ರೊಪೇನೋ ನೋಡಿಕೊಳ್ಳಿ, ಒಂದರ ಒಲೆ ಇನ್ನೊಂದಕ್ಕೆ ಹಾಕಿದರೆ ಅಪಾಯ.

ದೊಡ್ಡ ಭೂಕಂಪವಾದರೆ ಗ್ಯಾಸ್ ಮೀಟರ್ ತಾನೇ ನಿಲ್ಲುತ್ತದೆ. ಗಾಬರಿ ಬೇಡ. ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು ಎಲ್ಲ ಒಲೆ, ಗೀಸರ್ ಆರಿಸಿ, ಮನೆ ಹೊರಗಿನ ಮೀಟರಿನ ಗುಂಡಿ ಒತ್ತಿ ಬಿಡಿ, ಕೆಂಪು ದೀಪ ಮಿನುಗುತ್ತದೆ. ಮೂರು ನಿಮಿಷ ಕಾದರೆ ಗ್ಯಾಸ್ ಬರುತ್ತದೆ.

ಅಡುಗೆಮನೆ

ದೋಸೆ ಹುಯ್ಯುವಾಗ ಉರಿ ತಾನಾಗಿ ಸಣ್ಣದಾಗುತ್ತದೆ, ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಒಲೆ ಆರುತ್ತದೆ. ಒಲೆ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. 2008ರ ಅಕ್ಟೋಬರ್ ನಂತರದ ಮನೆ ಒಲೆಗಳಲ್ಲಿ ಪ್ರತಿ ಬರ್ನರಿನ ನಡುವೆ ಒಂದು ಗುಬಟು ಇದೆ. ಪಾತ್ರೆಯ ತಳ ಸುಮಾರು 250 ಡಿಗ್ರಿ ಮುಟ್ಟಿದರೆ ಅದು ಉರಿ ತಗ್ಗಿಸುತ್ತದೆ. ದೊಡ್ಡ ಬರ್ನರಿಗೆ ಸೇರಿದ 'ಅಬುರಿ' ಅಥವಾ 'ಕೋಓನ್' ಎಂದು ಬರೆದ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಮಿತಿ ಮೇಲೇರುತ್ತದೆ, ಕಾವಲಿ ಕಾಯುತ್ತದೆ. ಒಲೆ ಆರಿಸಿದರೆ ಮತ್ತೆ ಒತ್ತಬೇಕು. ಇಂಡಕ್ಷನ್ ಒಲೆಯ ಮನೆಯಾದರೆ ಅಲ್ಯೂಮಿನಿಯಂ ಕುಕ್ಕರ್ ತರಬೇಡಿ, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ತನ್ನಿ.

ಹೆಪ್ಪಿಗೆ ಹಾಲು ಕೊಳ್ಳುವಾಗ ಡಬ್ಬಿಯ ಮೇಲೆ 'ಗ್ಯೂನ್ಯೂ' ಎಂದಿರಲಿ. ಅದು ಪೂರ್ತಿ ಹಾಲು, ಕೊಬ್ಬು ಕನಿಷ್ಠ 3 ಪ್ರತಿಶತ. ಪಕ್ಕದಲ್ಲಿ ಅಗ್ಗಕ್ಕಿರುವುದು ಸಂಸ್ಕರಿಸಿದ ತೆಳು ಹಾಲು, ಮೊಸರು ನೀರಾಗುತ್ತದೆ. ಅಂಗಡಿಯ ಸಕ್ಕರೆಯಿಲ್ಲದ ಸಾದಾ ಯೋಗರ್ಟ್ ಒಂದು ಚಮಚ ಹೆಪ್ಪಿಗೆ ಸಾಕು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಮೈಕ್ರೊವೇವ್ ಓವನ್ನಿನ 'ಹಕ್ಕೋ' ಗುಂಡಿಯಲ್ಲಿ 30-35 ಡಿಗ್ರಿ ಇಡಿ. ಹೆಚ್ಚಿನವು ರಾತ್ರಿಯಿಡೀ ಓಡುವುದಿಲ್ಲ, ಮಲಗುವ ಮುಂಚೆ ಒಮ್ಮೆ ಓಡಿಸಿ ಬಾಗಿಲು ಮುಚ್ಚಿಯೇ ಬಿಡಿ. ತೊಗರಿಬೇಳೆ, ಸೋನಾ ಮಸೂರಿ, ರಾಗಿಹಿಟ್ಟು ಟೋಕಿಯೊದ ನಿಶಿ-ಕಸಾಯ್, ಶಿನ್-ಓಕುಬೊ ಕಡೆಯ ಅಂಗಡಿಗಳಲ್ಲಿ ಸಿಗುತ್ತವೆ, ಹಳ್ಳಿಗೂ ಕೊರಿಯರ್ ಬರುತ್ತದೆ. ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ: ಗಟ್ಟಿ ಮಾಡುವ ಪುಡಿ ಬೆರೆಸಿ ಅಥವಾ ಕಾಗದಕ್ಕೆ ಹೀರಿಸಿ ಸುಡುವ ಕಸಕ್ಕೆ ಹಾಕಿ. ಕಸದ ದಿನ, ಚೀಲ, ಗಂಟೆ ಊರೂರಿಗೆ ಬೇರೆ. ಪುರಸಭೆಯಲ್ಲಿ ಕೊಡುವ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಿ.

ಶಾಲೆಯೊಳಗೆ

ಬಾಗಿಲಲ್ಲೇ ಹೊರಗಿನ ಶೂ ಬಿಚ್ಚಿ 'ಉವಾಬಾಕಿ' ಹಾಕಬೇಕು. ಅತಿಥಿಗಳ ಚಪ್ಪಲಿಯಲ್ಲಿ ಮೆಟ್ಟಿಲೇರಿ ಇಳಿದು ಆಟವಾಡಿಸಲು ಆಗುವುದಿಲ್ಲ. ಒಳಗಷ್ಟೇ ಬಳಸುವ ಹಗುರ ಶೂ ಒಂದು ಜೊತೆ ಊರಿನಿಂದಲೇ ತನ್ನಿ, ಪಾದ ದೊಡ್ಡದಿದ್ದವರಿಗೆ ಇಲ್ಲಿ ಅಳತೆ ಸಿಗುವುದು ಕಷ್ಟ. ಶಿಕ್ಷಕರ ಕೊಠಡಿಗೆ ಕಾಲಿಡುತ್ತಲೇ ಎಲ್ಲರಿಗೂ ಕೇಳುವಂತೆ "ಒಹಾಯೋ ಗೊಝಾಯ್ಮಸು", ಹೊರಡುವಾಗ "ಒಸಾಕಿ ನಿ ಶಿತ್ಸುರೇ ಶಿಮಸು". ಮುಂದಿನ ನಡುಮೇಜಿನವರು ಕ್ಯೋತೋ ಸೆನ್ಸೇ, ಅಂದರೆ ಉಪ ಮುಖ್ಯೋಪಾಧ್ಯಾಯರು. ತಡ, ರಜೆ, ಅನಾರೋಗ್ಯ, ಎಲ್ಲಕ್ಕೂ ಮೊದಲು ತಿಳಿಸಬೇಕಾದವರು ಅವರು. ಕಂಪನಿ ನೌಕರರಾದರೆ ಕಂಪನಿಗೂ ತಿಳಿಸಿ. ಮಕ್ಕಳು ಕಸ ಗುಡಿಸುವ ಹೊತ್ತಿನಲ್ಲಿ ನೀವೂ ಪೊರಕೆ ಹಿಡಿಯಿರಿ. ಜಪಾನಿ ಬಾರದವರಿಗೆ ಮಕ್ಕಳ ಗೆಳೆತನ ಸಿಗುವುದು ಆ ಹದಿನೈದು ನಿಮಿಷದಲ್ಲೇ.

ಪ್ರಾಥಮಿಕ ಶಾಲೆಯ ಒಂದು ಪಿರಿಯಡ್ 45 ನಿಮಿಷ, ಮುಂದಿನ ಮಾಧ್ಯಮಿಕದಲ್ಲಿ 50. 2020ರಿಂದ 5-6ನೇ ತರಗತಿಗೆ ಇಂಗ್ಲಿಷ್ ವರ್ಷಕ್ಕೆ 70 ಪಿರಿಯಡ್‌ಗಳ ಪೂರ್ಣ ವಿಷಯ. 3-4ನೇ ತರಗತಿಗೆ 35 ಪಿರಿಯಡ್, ಅಂಕಗಳಿಲ್ಲದ ಚಟುವಟಿಕೆ. ಪ್ರಾಥಮಿಕದಲ್ಲಿ ಜೊತೆಗಿರುವ ತರಗತಿ ಶಿಕ್ಷಕರಿಗೆ ಇಂಗ್ಲಿಷ್ ಹೆದರಿಕೆಯಿದ್ದರೂ ತರಗತಿ ಅವರದೇ. ಹಿಂದಿನ ದಿನ ಐದು ನಿಮಿಷ ಸಿಕ್ಕರೂ ಅರ್ಧ ಹಾಳೆಯಲ್ಲಿ ಪಾಠದ ಕ್ರಮ ಬರೆದು ತೋರಿಸಿ. ಮಕ್ಕಳು 'ಬಸು', 'ಬೆಡ್ಡೊ' ಎಂದು ಕೊನೆಗೆ ಸ್ವರ ಸೇರಿಸುವುದು ನಮ್ಮ 'ಬಸ್ಸು', 'ಕಾರು' ಇದ್ದ ಹಾಗೆಯೇ. ಆದ್ದರಿಂದ ಆ ತಪ್ಪು ಬಾಯಲ್ಲಿ ಎಲ್ಲಿ ಹುಟ್ಟುತ್ತದೆಂದು ಕನ್ನಡದ ಶಿಕ್ಷಕರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇದು ನಿಮ್ಮ ಬಲ, ಬಳಸಿಕೊಳ್ಳಿ. ಪಠ್ಯಪುಸ್ತಕದ ಡಿಜಿಟಲ್ ಧ್ವನಿಯನ್ನು ಮೊದಲೇ ಕೇಳಿ ಅದರ ಲಯಕ್ಕೆ ಓದುವುದನ್ನು ಅಭ್ಯಾಸ ಮಾಡಿ.

ಮಧ್ಯಾಹ್ನದ ಊಟ 'ಕ್ಯೂಶೊಕು'. ಸಸ್ಯಾಹಾರಿಗಳು ಇದನ್ನು ಏಪ್ರಿಲ್‌ಗೆ ಮುಂಚೆಯೇ ನಿಲ್ಲಿಸಲು ಹೇಳಬೇಕು, ಸಾಮಗ್ರಿಯನ್ನು ವಾರಗಳ ಮೊದಲೇ ತರಿಸಿರುತ್ತಾರೆ. ಅನ್ನ ಮತ್ತು 200 ಮಿಲಿ ಹಾಲು ಬಿಟ್ಟರೆ ಉಳಿದುದನ್ನು ನಂಬುವಂತಿಲ್ಲ: ಮಿಸೊ ಸಾರಿನಲ್ಲಿ 'ದಾಶಿ' ಎಂಬ ಮೀನಿನ ಸಾರ, ತರಕಾರಿ ಸೂಪಿನಲ್ಲಿ ಕೋಳಿ ಸಾರ, 'ಕರ್ರಿ'ಗೆ ಹಾಕುವ ಮಸಾಲೆ ಮುದ್ದೆಯಲ್ಲಿ ಹಂದಿ ಅಥವಾ ದನದ ಕೊಬ್ಬು. "ಮಾಂಸ ತಿನ್ನುವುದಿಲ್ಲ" ಎಂದರೆ ತುಂಡು ಮಾತ್ರ ತೆಗೆದು ಕೊಡುತ್ತಾರೆ. ಹಾಗಾಗಿ "ನಿಕು ಮೊ, ಸಕಾನಾ ಮೊ, ದಾಶಿ ಮೊ ತಾಬೆಮಾಸೆನ್" ಎಂದು ಮೂರನ್ನೂ ಹೆಸರಿಸಿ ಹೇಳಿ. ಊರಿನಿಂದ ತಂದ ಚಿಕ್ಕಿ, ಮೈಸೂರು ಪಾಕನ್ನು ಮಕ್ಕಳಿಗೆ ಎಂದೂ ಹಂಚಬೇಡಿ. ಕಡಲೆಕಾಯಿ, ಹಾಲಿನ ಅಲರ್ಜಿ ಜೀವಕ್ಕೇ ಬರಬಹುದು. ಸಹೋದ್ಯೋಗಿಗಳಿಗೆ ಒಂದೊಂದೇ ಸುತ್ತಿದ ತುಂಡುಗಳನ್ನು, ಏನೇನಿದೆ ಎಂಬ ಚೀಟಿಯೊಂದಿಗೆ ಇಡಬಹುದು. ಮಕ್ಕಳ ಫೋಟೊ ತೆಗೆಯುವುದು, ಅವರೊಡನೆ 'ಲೈನ್' ಎಂಬ ಮೆಸೇಜ್ ಆ್ಯಪ್‌ನಲ್ಲಿ ಮಾತಾಡುವುದು ಬೇಡವೇ ಬೇಡ.

ಎರಡನೇ ವರ್ಷ ಕಾದಿರುವ ಲೆಕ್ಕ

'ಜೂಮಿನ್‌ಝೇ' ಎಂಬ ನಿವಾಸಿ ತೆರಿಗೆ ಹಿಂದಿನ ವರ್ಷದ ವರಮಾನದ ಮೇಲೆ, ಸುಮಾರು 10 ಪ್ರತಿಶತ. 2026ರ ಮಾರ್ಚ್‌ನಲ್ಲಿ ಬಂದವರಿಗೆ ಮೊದಲ ಬಿಲ್ಲು ಬರುವುದು 2027ರ ಜೂನ್‌ನಲ್ಲಿ. ಮೊದಲ ವರ್ಷ ಕೈಗೆ ಬಂದ ಸಂಬಳವನ್ನೇ ನಿಜವಾದ ಸಂಬಳ ಎಂದುಕೊಂಡವರಿಗೆ ಆ ಜೂನ್ ಭಾರವಾಗುತ್ತದೆ. ಜನವರಿ 1ಕ್ಕೆ ಇಲ್ಲಿದ್ದು ಆಮೇಲೆ ಊರಿಗೆ ಮರಳಿದರೂ ಆ ವರ್ಷದ ತೆರಿಗೆ ಉಳಿದೇ ಇರುತ್ತದೆ.

ಅಪ್ಪ-ಅಮ್ಮನಿಗೆ ಹಣ ಕಳಿಸುವವರು ಅವಲಂಬಿತರ ವಿನಾಯಿತಿ ಕೇಳಬಹುದು. ಆದರೆ 2023ರಿಂದ 30ರಿಂದ 69 ವಯಸ್ಸಿನವರಿಗೆ ತಲಾ ವರ್ಷಕ್ಕೆ 3,80,000 ಯೆನ್ ಕಳಿಸಿದ ದಾಖಲೆ ಬೇಕು. ಇಬ್ಬರ ಹಣವನ್ನೂ ಅಪ್ಪನ ಖಾತೆಗೇ ಹಾಕಿದರೆ ಅಮ್ಮನ ಲೆಕ್ಕಕ್ಕೆ ಏನೂ ಬರುವುದಿಲ್ಲ. ಜನವರಿಯಿಂದಲೇ ಇಬ್ಬರಿಗೂ ಬೇರೆ ಬೇರೆ ಕಳಿಸಿ, ಸಂಬಂಧ ತೋರಿಸುವ ಜನನ ಪ್ರಮಾಣಪತ್ರಕ್ಕೆ ಜಪಾನಿ ಅನುವಾದ ಮಾಡಿಸಿಡಿ.

ಹಳ್ಳಿ ಶಾಲೆಗೆ ಹೋಗುವವರಿಗೆ ಕಾರು ಬೇಕೇ ಬೇಕು. ಕರ್ನಾಟಕದ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ ಗರಿಷ್ಠ ಒಂದು ವರ್ಷ ನಡೆಯುತ್ತದೆ. ಅಷ್ಟರೊಳಗೆ ಜಪಾನಿ ಪರವಾನಗಿಗೆ ಬದಲಿಸಿಕೊಳ್ಳಬೇಕು. ಲೈಸೆನ್ಸ್ ಸಿಕ್ಕ ಮೇಲೆ ಊರಲ್ಲಿ ಮೂರು ತಿಂಗಳಿದ್ದಿರಿ ಎಂಬುದನ್ನು ತೋರಿಸಬೇಕು, ಆದ್ದರಿಂದ ಹಳೆಯ ಪಾಸ್‌ಪೋರ್ಟನ್ನೂ ತನ್ನಿ. 2025ರ ಅಕ್ಟೋಬರ್‌ನಿಂದ ಲಿಖಿತ ಪರೀಕ್ಷೆಗೆ 50 ಪ್ರಶ್ನೆ, 90 ಪ್ರತಿಶತ ಬಂದರೆ ಪಾಸು. ಚಾಲನಾ ಪರೀಕ್ಷೆಯಲ್ಲಿ ನಮ್ಮವರು ಫೇಲಾಗುವುದು ಮೂರೇ ಕಾರಣಕ್ಕೆ: ತಿರುಗುವ ಮುಂಚೆ ಕತ್ತು ತಿರುಗಿಸಿ ನೋಡದಿರುವುದು, ನಿಲ್ಲುವ ಗೆರೆಯಲ್ಲಿ ಚಕ್ರ ಪೂರ್ತಿ ನಿಲ್ಲಿಸದಿರುವುದು, ಎಡಕ್ಕೆ ತಿರುಗುವಾಗ ಮೊದಲೇ ಎಡ ಅಂಚಿಗೆ ಸರಿಯದಿರುವುದು.

ಹಿಂದಿರುಗುವಾಗ ಆರು ತಿಂಗಳು ಅಥವಾ ಹೆಚ್ಚು ಕಟ್ಟಿದ ಪಿಂಚಣಿಯನ್ನು ದೇಶ ಬಿಟ್ಟ ಎರಡು ವರ್ಷದೊಳಗೆ ಒಟ್ಟು ಮೊತ್ತವಾಗಿ ಕೇಳಬಹುದು, ಗರಿಷ್ಠ 60 ತಿಂಗಳ ಲೆಕ್ಕ. ಆದರೆ ಹಾಗೆ ಪಡೆದರೆ ಆ ಅವಧಿ ಅಳಿಸಿಹೋಗುತ್ತದೆ. 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದ ಪ್ರಕಾರ ಊರಿನಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನು ಇಲ್ಲಿನ ವರ್ಷಗಳಿಗೆ ಸೇರಿಸಿ ಹತ್ತು ವರ್ಷದ ಅರ್ಹತೆ ತುಂಬಿಸಬಹುದು. ನಾಲ್ಕೈದು ವರ್ಷ ಪಾಠ ಮಾಡಿದವರು ಹಣ ತೆಗೆಯುವ ಅರ್ಜಿಗೆ ಸಹಿ ಹಾಕುವ ಮುಂಚೆ ಪಿಂಚಣಿ ಕಚೇರಿಯಲ್ಲಿ ಎರಡೂ ಲೆಕ್ಕ ಹಾಕಿಸಿ ನೋಡಿ.